ಕೀಲು ಯಾವ ಕಡೆ

ಹದಿನೇಳು ಪೆಟ್ಟಿಗೆ ಬಂದವು, ಹೇಮಾವತಿನಗರದ ಎರಡನೇ ಮಹಡಿಗೆ.
ಒಂದೊಂದರ ಬೆನ್ನಿಗೂ ಚೀಟಿ, ಚೀಟಿ ತುಂಬ ಕಪ್ಪು ಗೀಟು.
ಕಾರ್ಖಾನೆಗೆ ಗೊತ್ತಿರುವುದು ಒಂದೇ ಥರದ ಮನೆ:
ಮೂಲೆ ನಾಲ್ಕು, ನಾಲ್ಕೂ ತೊಂಬತ್ತು ಡಿಗ್ರಿ.

ಈ ಮನೆಯ ಮಾಡು ಹಾಗಲ್ಲ.
ಬಾಗಿಲ ಹತ್ತಿರ ಒಂಬತ್ತು ಅಡಿ,
ಕಿಟಕಿ ಮುಟ್ಟುವಷ್ಟರಲ್ಲಿ ಐದೂವರೆ.
ನಡುವೆ, ಮಲಗಲು ಮುಂಗಾಲು ಮಡಿಸಿದ ಎತ್ತಿನ ಬೆನ್ನಿನಂತೆ
ಸುಮ್ಮನೆ ಇಳಿದುಬಿಡುತ್ತದೆ.
ಮೊಯಿದೀನ್ ರಸಮಟ್ಟ ಎತ್ತಿ ಮಾಡಿಗೆ ಒತ್ತಿದ;
ಗುಳ್ಳೆ ಓಡಿಹೋಗಿ ತುದಿಯಲ್ಲಿ ಕೂತಿತು.
ಕರೆದರೂ ಬರಲಿಲ್ಲ.

ಕೆಳಗಿನ ಸಾಲಿನದು ತಕರಾರಿಲ್ಲ, ಗ್ರಾನೈಟು ಹೊತ್ತು ನಿಂತವು.
ಮೇಲಿನ ಸಾಲಲ್ಲಿ ಮೂರು ಸಲೀಸು,
ನಾಲ್ಕನೆಯದರ ಭುಜ ಮಾಡಿಗೆ ತಾಗಿತು.
ಕಂಪನಿಗೆ ಫೋನು ಹಾಕಿದೆ. ಹುಡುಗಿ ನಯವಾಗಿ ಹೇಳಿದಳು:
ಕೊಯ್ದರೆ ವಾರಂಟಿ ಇಲ್ಲ ಸರ್.

ಕೊಯ್ಯದಿದ್ದರೆ ಅಡುಗೆಮನೆ ಇಲ್ಲ ತಾಯಿ.

ಕುಕ್ಕರಿನ ಖಾಲಿ ಡಬ್ಬ ಬಿಚ್ಚಿ ರಟ್ಟಿನಲ್ಲಿ ಅಚ್ಚು ತೆಗೆದೆ.
ಚೀಟಿ ಹೇಳುವುದು ಮಿಲಿಮೀಟರು,
ನನ್ನ ಬೆರಳಿಗೆ ಬರುವುದು ನೂಲು:
ಇಂಚಿಗೆ ಎಂಟು, ಅಪ್ಪ ಬಾಗಿಲುವಾಡದ ಮೇಲೆ ಪೆನ್ಸಿಲಿನಲ್ಲಿ ಎಣಿಸಿ ಕಲಿಸಿದ್ದು.
ಅಪ್ಪ ಮೊದಲು ಗೋಡೆ ನೋಡಿ ಆಮೇಲೆ ಮರ ಮುಟ್ಟುತ್ತಿದ್ದ.
ನಾನು ಬಿಲ್ಲು ನೋಡಿ ಮುಟ್ಟುತ್ತೇನೆ. ಇರಲಿ.
ಮೂರು ನೂಲು ಸಡಿಲ ಬಿಟ್ಟು ಕೊಯ್ದೆ.
ಬಿಳಿ ಲ್ಯಾಮಿನೇಟು ಹಲ್ಲು ಕಿಸಿಯಿತು, ಅಲ್ಲಲ್ಲಿ ಚಕ್ಕೆ ಎದ್ದಿತು,
ಹೊಟ್ಟು ಮೊಯಿದೀನನ ರೆಪ್ಪೆ ಮೇಲೆ ಕೂತಿತು.
ಪೆಟ್ಟಿಗೆ ಮಾತ್ರ ಮಾಡಿನ ಕಂಕುಳಿಗೆ ಹೋಗಿ ಸೇರಿತು.

ಬಾಗಿಲನ್ನೂ ಅದೇ ಓರೆಗೆ ಕೊಯ್ದು, ಕೀಲು ಬಿಗಿದು, ತೆರೆದೆ.
ಟಕ್.
ಇನ್ನೊಮ್ಮೆ. ಟಕ್.
ಅಂಗೈ ತೂರುವಷ್ಟು ತೆರೆದು ನಿಂತುಬಿಟ್ಟಿತು.

ಕಾರ್ಖಾನೆ ಕೀಲಿನ ಕುಳಿ ಕೊರೆದದ್ದು ಕಿಟಕಿಯ ಕಡೆ, ಗಿಡ್ಡ ಕಡೆ.
ಗಿಡ್ಡ ಅಂಚನ್ನು ಕಟ್ಟಿಹಾಕಿ ಉದ್ದ ಅಂಚಿಗೆ ತಿರುಗು ಎಂದರೆ
ಅದು ತಿರುಗುವುದೆಲ್ಲಿ?
ತಗ್ಗಿನ ಕಡೆಗೇ ಬಂದು ತಲೆ ಹೊಡೆದುಕೊಳ್ಳುತ್ತದೆ.
ಇಪ್ಪತ್ತಾರು ವರ್ಷದ ಕಸುಬು.
ಮೊದಲೇ ಹೊಳೆಯಬೇಕಿತ್ತು ನನಗೆ.

ಅಷ್ಟು ಹೊತ್ತಿಗೆ ಮನೆಯೊಡತಿ ತೋಯಜಾಕ್ಷಿ ಬಂದರು,
ಹಾಸನ ಡಿಪೋ, ಅರಸೀಕೆರೆ ರೂಟು, ಮೈಮೇಲಿನ್ನೂ ಖಾಕಿ.
ಐದು ಬಾಡಿಗೆ ಮನೆ ದಾಟಿ ಬಂದ ಹೆಂಗಸು;
ಯಾವುದರಲ್ಲೂ ಒಗ್ಗರಣೆ ಡಬ್ಬಿಗೆ ಕಾಯಂ ಜಾಗ ಇರಲಿಲ್ಲವಂತೆ.
ಮಾಡು ಇಳಿಯುವಲ್ಲಿ ನಾವು ಹೇಳದೆ ತಲೆ ತಗ್ಗಿಸಿದರು,
ಬಾಗಿಲು ಎಳೆದು ನೋಡಿದರು. ಟಕ್.
“ಫುಟ್‌ಬೋರ್ಡಲ್ಲಿ ಉದ್ದದೋರು ನಿಂತಂಗಾಯ್ತು ಆಚಾರ್ರೆ ಇದು.
ಎತ್ತರ ಇರೋ ಕಡೆ ಕಳಿಸಿ, ಒಳಗೆ ಜಾಗ ಐತೆ.”

ಬಿಚ್ಚಿ, ಉದ್ದ ಕಡೆಗೆ ಹೊಸ ಕುಳಿ ಕೊರೆದೆ.
ಈಗ ಗಿಡ್ಡ ಅಂಚು ಎತ್ತರದತ್ತ ಆರಾಮಾಗಿ ತೇಲಿಬಂತು.
ಆದರೆ ಹಳೆಯ ಕುಳಿಗಳು, ಎರಡು, ದುಂಡಗೆ,
ಬಾಗಿಲ ಒಳಮೈಯಲ್ಲಿ ಉಳಿದವು.
ಮುಚ್ಚಳ ತಂದು ಮುಚ್ಚುತ್ತೇನೆ ಅಂದೆ. ಬೇಡ ಅಂದರು.
“ಸೇರಿದ ಹೊಸದ್ರಲ್ಲಿ ಟಿಕೇಟಿಗೆ ತೂತು ಹೊಡೀತಿದ್ವಿ.
ತೂತು ಬಿದ್ರೇನೇ ಅದು ಲೆಕ್ಕಕ್ಕೆ ಬರೋದು.”

ಕೊನೆಗೆ ಕಿಟಕಿ ಪಕ್ಕ ಒಂದು ತ್ರಿಕೋನ ಉಳಿಯಿತು,
ಯಾವ ಚೀಟಿಗೂ ಸೇರದ್ದು, ಬೆಕ್ಕೂ ಹೊರಳಲಾಗದ್ದು.
ಹಲಗೆ ಬಡಿದು ಮುಚ್ಚಲು ಹೊರಟೆ.
ಅಷ್ಟರಲ್ಲೇ ಕೈ ತೂರಿಸಿ ಲಟ್ಟಣಿಗೆ ಇಟ್ಟರು. ಹಿಡಿಸಿತು.
ಅದರ ಪಕ್ಕ, ಕೊರಳಿಂದ ತೆಗೆದು, ವಿಷಲ್ಲು.

ಬಾಕಿ ಹಣ ಎಣಿಸಿದರು
ನೋಟು ಉದ್ದಕ್ಕೆ ಮಡಿಸಿ ಬೆರಳ ಸಂದಿಗೆ ಸಿಕ್ಕಿಸಿಕೊಂಡು.
ಐವತ್ತು ಕಡಿಮೆ ಬಿತ್ತು.
ಜೇಬಿನಿಂದ ಟಿಕೇಟೊಂದು ತೆಗೆದು ಬೆನ್ನಿಗೆ ಗೀಚಿದರು, ಐವತ್ತು.
“ಇಳಿಯುವಾಗ ಇಸ್ಕೊಳ್ಳಿ.”

ಮೊಯಿದೀನ್ ಡ್ರಿಲ್ಲು ಹೊತ್ತು ಮುಂದೆ, ನಾನು ಹಿಂದೆ,
ಮೂವತ್ತೆಂಟು ಮೆಟ್ಟಿಲು.
ರಸ್ತೆಗೆ ಬಂದಾಗಲೇ ನೆನಪಾದದ್ದು:
ಎಲ್ಲರ ಹಾಗೆ ನಾನೂ
ಕೇಳದೆ ಇಳಿದುಬಿಟ್ಟೆ.