ಎರಡನೇ ಚೀಲ

ವಾಡಿ ಸ್ಟೇಷನ್ ರೋಡಿನ ಝೆರಾಕ್ಸ್ ಅಂಗಡ್ಯಾಗ
ರೇಷನ್ ಕಾರ್ಡಿನ ಎರಡು ಕಾಪಿ ತಗಸಲಿಕ್ಕ ನಿಂತಿದ್ದೆ.
ಮಾಣಿಕರಾವ್ ಮಾಸ್ತರರ ಹಳೇ ಸ್ಕೋರ್ ಬುಕ್ಕು
ಮಶೀನಿನ ಮ್ಯಾಲ ಬೋರಲು ಬಿದ್ದಿತ್ತು,
ಅದರ ಸುತ್ತ ನಾಕು ಮಂದಿ ಗಂಡಸರ ಜಗಳ:
ನಮ್ಮ ಹೆಣ್ಣುಮಕ್ಕಳ ಬೇಸ್‌ಬಾಲ್ ಟೀಮಿನಾಗ
ಎರಡನೇ ಬೇಸಿಗೆ ಯಾರು ಭಾರಿ?

ಒಬ್ಬಾವ ನುಸ್ರತ್ ಅಂದ. ಒಬ್ಬಾವ ಹೇಮಲಿ.
ಮೂರನೆಯವ ಬೆರಳು ಎಂಜಲು ಮಾಡಿ ಹಾಳಿ ತಿರುವಿದ,
ಔಟು ಎಣಿಸಿದ, ತಪ್ಪು ಕಳೆದ.
ನಾಕನೆಯವ ಯಾವುದೋ ಕ್ರಿಕೆಟ್ಟಿನ ಹೆಸರು ತಂದು ಬೈಸಿಕೊಂಡ.
ನನ್ನ ಯಾರೂ ಕೇಳಲಿಲ್ಲ.
ಒಂಬತ್ತು ವರ್ಷ ಮೊದಲನೇ ಬೇಸಿನ ಮ್ಯಾಲ
ಒಂದು ಕಾಲಿಟ್ಟು, ಒಂದು ಕಾಲು ಚಾಚಿ
ಆ ಮೂವರ ಚೆಂಡೂ ಹಿಡಿದಾಕಿ ನಾನು.
ಅವರ ಲೆಕ್ಕ ಹಾಳ್ಯಾಗ ಅದ. ನಂದು ಅಂಗೈಯಾಗ.

ಬೇಸು ಅಂದ್ರ ಏನ್ ಬೇಸು,
ಸಿಮೆಂಟಿನ ಖಾಲಿ ಚೀಲದಾಗ ಕಾಗಿಣಾ ಹೊಳಿ ಉಸುಕು.
ಫ್ಯಾಕ್ಟರಿ ಧೂಳು ಹುಲ್ಲಿನ ಮ್ಯಾಲ ಕುಂತು
ಗೆರಿ ಯಾವುದು, ಗ್ರೌಂಡ್ ಯಾವುದು ತಿಳೀತಿದ್ದಿಲ್ಲ.

ನುಸ್ರತ್, ಶಹಾಬಾದಿನ ಫರ್ಸಿ ಹೊಡಿಯೋರ ಮಗಳು.
ಕಲ್ಲು ಯಾ ಕಡೆ ಸೀಳ್ತದ ಅಂತ ಅಪ್ಪ ಬಲ್ಲ,
ಚೆಂಡು ಯಾ ಕಡೆ ಪುಟೀತದ ಅಂತ ಆಕಿ ಬಲ್ಲಳು.
ಓಡಿದ್ದು ನಾ ನೋಡೇ ಇಲ್ಲ. ಚೆಂಡು ಬರೂದ್ರಾಗ ಅಲ್ಲಿ ಇರ್ತಿದ್ಳು.
ಆಕಿ ಒಗದದ್ದು, ಬಾಗಿಲದಾಗ ಚಪ್ಪಲಿ ಬಿಟ್ಟು
ಸಲಾಂ ಹೇಳಿ ಒಳಗ ಬಂದವರಂಗ
ಗ್ಲೋವಿನಾಗ ಕುಂದರ್ತಿತ್ತು.

ಹೇಮಲಿ ತಾಂಡಾದಾಕಿ, ನಾಲವಾರದ ಆಚೆ.
ಹುಣಸಿಕಾಯಿ ಉದುರಿಸೋ ಕೈ.
ರನ್ನರು ಕಾಲು ಎತ್ತಿ ಮೈಮ್ಯಾಲ ಬಂದ್ರ
ಜಿಗದು, ಗಾಳ್ಯಾಗ ತಿರುಗಿ, ಬೀಸಿ ಒಗೀತಿದ್ಳು,
ಒಂದ ಚೆಂಡಿಗೆ ಇಬ್ಬರು ಔಟು!
ಆ ರಾತ್ರಿ ನನಗ ರೊಟ್ಟಿ ಮುರೀಲಿಕ್ಕ ಬರ್ತಿದ್ದಿಲ್ಲ,
ಅವ್ವ ಮುರದು ಹಾಲಿನಾಗ ಹಾಕಿ ಕೊಡ್ತಿದ್ಳು.

ನುಸ್ರತ್ ಆಡಿದ ದಿನ
ನಾನು ಛಲೋ ಆಡಿದೆ ಅಂತಿದ್ರು ಮಂದಿ.
ಹೇಮಲಿ ಆಡಿದ ದಿನ
ಹೇಮಲಿ ಛಲೋ ಆಡಿದ್ಳು ಅಂತಿದ್ರು.
ಈ ಫರಕು ಯಾವ ಖಾನೆದಾಗ ಬರೀತೀರಿ?

ಎಸ್ತೇರಳ ಹೆಸರು ಅಂಗಡ್ಯಾಗ ಯಾರೂ ಎತ್ತಲಿಲ್ಲ.
ಬೀದರಿನಿಂದ ಬಂದಾಕಿ, ಅಪ್ಪ ದವಾಖಾನಿ ಕಂಪೌಂಡರ್.
ಕಾಲು ಸಾವಕಾಶ. ಕೈ ನಡುಮಟ್ಟ.
ಎರಡ ಹಂಗಾಮು ಆಡಿದ್ಳು, ಹದಿನಾಕು ತಪ್ಪು,
ಹದಿನಾಕನೇದು ಕಲಬುರಗಿ ಫೈನಲ್ಲಿನಾಗ.

ನನ್ನ ಹೆಬ್ಬೆರಳು ಮೂರನೇ ಇನ್ನಿಂಗ್ಸಿನಾಗ ಮುರದಿತ್ತು.
ಗ್ಲೋವ್ ತಗದ್ರ ಹೊರಗ ಕುಂದರಸ್ತಾರಂತ
ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಆಕಿ ಒಬ್ಬಾಕಿ ನೋಡಿದ್ಳು.
ಕಡೇ ಚೆಂಡು ಸೀದಾ ಆಕಿ ಕೈಗೆ ಬಂತು,
ಎತ್ತಿದ್ಳು. ಒಗೀಬೇಕು. ಒಗೀಲಿಲ್ಲ.
ಚೆಂಡು ಎದಿಗೆ ಅವಚಿಕೊಂಡು ನನ್ನ ಕಡೆ ಓಡಿ ಬಂದ್ಳು,
ಆ ಸಾವಕಾಶ ಕಾಲಿಲೆ.
ರನ್ನರು ಒಂದು ಗೇಣು ಮುಂದ. ಸೋತಿವಿ.
ಮಾಸ್ತರರು ಕೆಂಪು ಪೆನ್ನಿಲೆ ಗೀಟು ಹಾಕಿದ್ರು.
ಆಕಿ ಕಾರಣ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಹಂಗಾದ್ರ ಎಸ್ತೇರಳೇ ಅಂದುಬಿಡಲಾ?
ಬಾಯಿತನಕ ಬಂದಿತ್ತು.
ಆದರ ಖರೇ ಹೇಳಬೇಕಂದ್ರ,
ಅಲ್ಲಿ ನುಸ್ರತ್ ಇದ್ದಿದ್ರ ಒಗೀತಿದ್ಳು,
ಮುರದ ಬೆರಳಿಲೆ ನಾ ಹಿಡೀತಿದ್ದೆ,
ಅಷ್ಟು ಹಗುರ ಬರ್ತಿತ್ತು ಆಕೀದು.
ಹೇಮಲಿ ಒಗದಿದ್ರ
ಬೆರಳೇ ಹೋಗ್ತಿತ್ತು, ಕಪ್ಪು ನಮ್ಮದಾಗ್ತಿತ್ತು.

“ಅಕ್ಕಾ, ಎರಡು ಕಾಪಿ, ನಾಕು ರೂಪಾಯಿ” ಅಂದ ಅಂಗಡಿ ಹುಡುಗ.
ಮಾಸ್ತರರ ಕೆಂಪು ಗೀಟು ಝೆರಾಕ್ಸಿನಾಗ ಕರ್ರಗ ಬಂದಿತ್ತು,
ಉಳಿದ ಗೀಟಿನಂಗ, ಗುರುತು ಸಿಗಲಾರದಂಗ.
ರೊಕ್ಕ ಕೊಡಬೇಕಾದ್ರ ಹೆಬ್ಬೆರಳು ಬಾಗಲಿಲ್ಲ,
ಚಳಿಗಾಲದಾಗ ಅದು ಹಂಗ.
ನಾಣ್ಯ ಜಾರಿ, ಕೆಳಗ ಬಿದ್ದು, ಉಳ್ಳಿಕೋತ ಹೋತು.
ನಾಕೂ ಮಂದಿ ಬಗ್ಗಿದರು.
ಒಬ್ಬರ ಕೈಗೂ ಸಿಗಲಿಲ್ಲ.