ನಾಲ್ಕನೆಯದು

ಒಂದು, ಐದು, ಮೂರು, ಆರು, ಎರಡು—
ಆಮೇಲೆ ನಾಲ್ಕು ಬರಬೇಕು.
ಬರುತ್ತಿರಲಿಲ್ಲ.
ನಾನು ಬಾಗಿಲಲ್ಲಿ ನೇತಾಡಿ ಊರು ಕೂಗುವವನು,
ಇಂಜಿನ್ನಿನ ಓದು ನನಗಿಲ್ಲ.
ಆದರೂ ಮೆಟ್ಟಿಲ ಮೇಲಿನ ಅಂಗಾಲಿಗೆ ಗೊತ್ತಾಗಿತ್ತು,
ಕೆಂಪು ದೀಪಕ್ಕೆ ನಿಂತಾಗಲೆಲ್ಲ
ಈ ಮುದಿ ಡಾಡ್ಜ್ ನಿಂತಲ್ಲೇ ಎಡವುತ್ತದೆಂದು,
ಚಿಲ್ಲರೆ ಡಬ್ಬಿ ತಾನಾಗಿ ಕುಣಿಯುತ್ತದೆಂದು.

"ಎತ್ತರದ ಗಾಳಿ, ತೆಳು," ಅಂದರು ಸ್ಟ್ಯಾಂಡಿನವರು.
ಎಲ್ ಆಲ್ಟೋದಲ್ಲಿ ಏನು ಕೆಟ್ಟರೂ ಗಾಳಿಯದೇ ತಪ್ಪು,
ಗಂಡ ಕುಡಿದು ಬಂದರೂ.
ಡ್ರೈವರ್ ಫೊರ್ತುನಾತೋ ಪ್ಲಗ್ ಬದಲಿಸಿದ,
ಕಾರ್ಬುರೇಟರ್ ಬಿಚ್ಚಿಸಿದ, ಜೋಡಿಸಿದ, ಮತ್ತೆ ಬಿಚ್ಚಿಸಿದ,
ಕಾರ್ನಿವಲ್ಲಿನ ಮಂಗಳವಾರ ಬಾನೆಟ್ಟಿಗೆ ಬಿಯರ್ ಎರೆದ,
ಭೂತಾಯಿಗೂ ಒಂದು ಗುಟುಕು.
ಕೊನೆಗೆ ಸತುರ್ನೀನಾ ತಾರ್ಕಿಯ ಶೆಡ್ಡಿಗೆ ಬಂದೆವು.

ಅವಳು ಏನನ್ನೂ ಬಿಚ್ಚಲಿಲ್ಲ.
ಟೋಪಿ ತೆಗೆದು ಸೀಟಿನ ಮೇಲಿಟ್ಟು,
ಜಡೆಗಳೆರಡನ್ನೂ ಬೆನ್ನ ಹಿಂದೆ ಗಂಟು ಹಾಕಿ,
ರಬ್ಬರ್ ಕೊಳವೆಯ ಒಂದು ತುದಿ ಕಿವಿಗಿಟ್ಟು
ಇನ್ನೊಂದನ್ನು ಇಂಜಿನ್ನಿನ ಮೈಮೇಲೆ ಆಡಿಸಿದಳು.
ಬ್ರೇಕಿನ ಕಡೆ ಹೋಗುವ ಪೈಪಿನ ಬಳಿ ನಿಂತಳು.
"ಇಲ್ಲಿ ಯಾರೋ ಕದ್ದು ಉಸಿರಾಡುತ್ತಿದ್ದಾರೆ."
ಹೆಬ್ಬೆರಳು ಒತ್ತಿದಳು:
ಏರಿಳಿಯುತ್ತಿದ್ದ ಸದ್ದು ತೆಪ್ಪಗಾಯಿತು.
ಫೊರ್ತುನಾತೋ ಪರ್ಸಿಗೆ ಕೈಹಾಕಿದ.
"ತಾಳು. ಕಳ್ಳರು ಇಬ್ಬರು."

ಮರದ ಹಿಡಿಯ ಇಕ್ಕಳದಲ್ಲಿ
ಓಡುವ ಇಂಜಿನ್ನಿನಿಂದಲೇ ಒಂದೊಂದು ವಯರು ಕಿತ್ತಳು, ಹಾಕಿದಳು.
ಒಂದನೆಯದಕ್ಕೆ ಬಸ್ಸು ಕುಗ್ಗಿತು. ಎರಡಕ್ಕೂ.
ಮೂರಕ್ಕೆ ನಿಂತೇಬಿಡುವಂತಾಯಿತು.
ನಾಲ್ಕನೆಯದಕ್ಕೆ ಏನೂ ಆಗಲಿಲ್ಲ.
ಏನೂ ಅಂದರೆ ಏನೂ.
"ಕಿತ್ತರೂ ಯಾರಿಗೂ ತಿಳಿಯದಿದ್ದರೆ
ಅವನು ಮೊದಲೇ ಕೆಲಸ ಬಿಟ್ಟಿದ್ದಾನೆ."
ನಾನು ಯಾಕೋ ನನ್ನ ಬೂಟು ನೋಡಿಕೊಂಡೆ.

ನಾಲ್ಕರ ಪ್ಲಗ್ಗು ಐದಕ್ಕೆ ಕೊಟ್ಟಳು, ಐದರದು ನಾಲ್ಕಕ್ಕೆ.
ಸತ್ತದ್ದು ನಾಲ್ಕೇ.
ವಯರು ಬದಲಿಸಿದಳು. ನಾಲ್ಕೇ.
ಆಮೇಲೆ ಕತ್ತಲಾಗಲಿ ಅಂತ
ನೇರಳೆ ಜೋಳದ ಬಿಸಿ ಗಂಜಿ ಕುಡಿಸಿದಳು.

ದೀಪ ಆರಿಸಿ "ನೋಡಿ" ಅಂದಳು.
ಡಿಸ್ಟ್ರಿಬ್ಯೂಟರಿನ ಕಪ್ಪು ಮುಚ್ಚಳದಲ್ಲಿ
ಕೂದಲೆಳೆಯ ಬಿರುಕು;
ಅದರಗುಂಟ ನೀಲಿ ಇರುವೆಯೊಂದು
ನಾಲ್ಕನೆಯ ಮನೆಯಿಂದ ಹೊರಟು ಕಬ್ಬಿಣಕ್ಕೆ ಓಡುತ್ತಿತ್ತು,
ಮತ್ತೆ, ಮತ್ತೆ,
ನಮ್ಮ ಬೆಂಕಿಯನ್ನು ಬಾಯಲ್ಲಿ ಕಚ್ಚಿಕೊಂಡು.

ಹೊಸ ಮುಚ್ಚಳ ಸೋಮವಾರ. ಅಲ್ಲಿಯವರೆಗೆ
ಬಿರುಕನ್ನು ಸೂಜಿಯಲ್ಲಿ ಕೆರೆದು
ಮಗಳ ಉಗುರುಬಣ್ಣ ತುಂಬಿದಳು, ಕಡುಗೆಂಪು.

ಈಗ ಆರಕ್ಕೆ ಆರೂ ಉರಿಯುತ್ತವೆ,
ಚಿಲ್ಲರೆ ಡಬ್ಬಿ ಸುಮ್ಮನಿದೆ.
ನಾನೇ, ಸೇಹಾ, ಸೇಹಾ ಎಂದು ಐದು ಸಲ ಕೂಗಿ
ಒಂದು ಉಸಿರು ತಡೆಯುತ್ತೇನೆ.
ಆ ಸಂದಿನಲ್ಲಿ ಇವತ್ತು ಹೆಂಗಸೊಬ್ಬಳು ಕೇಳಿದಳು:
ವಿಯಾಚಾಕ್ಕೆ ಹೋಗುತ್ತದಾ?
ಹೋಗುವುದಿಲ್ಲ.