ಕೆಂಪಿಗೆ ಕೆಂಪು

ಸ್ಪೀಕರುಗಳು ಹೆಂಡತಿಯ ಪಾಲಿಗೆ ಬಂದಿದ್ದವು, ಸೆಬಾಸ್ಟೊಪೋಲಿನಲ್ಲಿ.
ಆಂಪ್ಲಿಫೈಯರು ಗಂಡನ ಪಾಲಿಗೆ, ವೆಂಡೂರಿ ಕೆರೆಯ ಆಚೆ.
ಕೋರ್ಟು ಹಾಗೆ ಹಂಚಿತ್ತಂತೆ.
ಎರಡು ಶನಿವಾರ, ಎರಡು ವಿಳಾಸ,
ಒಟ್ಟು ನೂರನಲವತ್ತು ಡಾಲರು.
ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು
ಬಲ್ಲಾರಟ್ಟಿನ ಜುಲೈ ಚಳಿಯಲ್ಲಿ
ನಮ್ಮ ಬಾಡಿಗೆ ಮನೆ ಸೇರಿದವು.

ಧನ್ಯಕುಮಾರನಿಗೆ ಇದು ಹತ್ತು ವರ್ಷದ ಆಸೆ.
ಆಲೂಗಡ್ಡೆ ಕಾರ್ಖಾನೆಯ ಪಾಳಿ ಮುಗಿಸಿ ಬಂದವನು
(ಆಲೂಗಡ್ಡೆ ಮಾತ್ರ ಇವತ್ತಿಗೂ ತಿನ್ನುವುದಿಲ್ಲ)
ಕೈಕಾಲು ತೊಳೆದು, ಪೂಜೆಗೆ ಕೂತವನಂತೆ
ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿದ.
ಕೈಪಿಡಿ ಹನ್ನೆರಡು ಭಾಷೆಗಳಲ್ಲಿತ್ತು.
ಹನ್ನೆರಡೂ ನಮ್ಮವಲ್ಲ.

ಆಂಪ್ಲಿಫೈಯರಿನ ಬೆನ್ನು ತಿರುಗಿಸಿದರೆ ಅಳಗುಳಿಮಣೆ:
ಸಾಲು ಸಾಲು ಗುಳಿ, ಯಾವ ಗುಳಿಗೆ ಯಾವ ಕಾಳು?
ಟಿವಿಯಿಂದ ಬಂದದ್ದು ಇಲ್ಲಿ, ಡಿವಿಡಿಯದು ಅಲ್ಲಿ,
ಮೂಲೆಯ ಗುಡಾಣಕ್ಕೆ ಒಂದೇ ಒಂದು ಎಳೆ.
"ಅದು ಸಬ್‌ವೂಫರು. ಗುಡಾಣ ಅನಬ್ಯಾಡ."
ತಂತಿಯನ್ನು ಹಲ್ಲಿನಿಂದಲೇ ಸುಲಿದ,
ತಾಮ್ರದ ಎಳೆ ಕೆದರಿ ನಿಂತವು.
ಕೊಡು ಇಲ್ಲಿ ಎಂದು ಇಸಕೊಂಡು
ಬತ್ತಿ ಹೊಸೆದ ಹಾಗೆ ಹೊಸೆದೆ, ಹತ್ತೂ ತುದಿ.
ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು,
ಜಪದಂತೆ ಹೇಳುತ್ತ ಅವನು ತಿರುಪಿದ.
ಸ್ಪೀಕರಿನ ಕಡೆಯ ತುದಿಗಳು ಬಿಗಿದುಕೊಂಡೇ ಬಂದಿದ್ದವು.
ಅವನ್ನು ಮುಟ್ಟಲಿಲ್ಲ.

ನನಗೆ ಕೇಳುವುದು ಒಂದೇ ಕಿವಿ.
ಆರನೇ ವಯಸ್ಸಿನ ಮಂಗನಬಾವು
ಎಡಗಿವಿಯನ್ನು ಹೇಳದೆ ಕೇಳದೆ ಒಯ್ದಿತ್ತು.
ನನಗೆ ಐದು ಸ್ಪೀಕರು ಯಾಕೆ ಬೇಕು, ಎಂದೆ.
ಕೇಳಿಸದವನಂತೆ ಸ್ಕ್ರೂ ಹುಡುಕಿದ.

ರಾತ್ರಿ ಹತ್ತಕ್ಕೆ ಒಂದು ಹಾಡು ಹಾಕಿದ. ಮುಖ ಸಣ್ಣದಾಯಿತು.
"ಏನೋ ಇಲ್ಲ ಇದರಾಗ. ನಡುವೆ ಪೊಳ್ಳು.
ಹಾಡೋಳಿಗೆ ಮೈಯೇ ಇಲ್ಲ."
ನನಗೆ ಚೆನ್ನಾಗೇ ಇತ್ತು,
ಆದರೆ ಈ ವಿಷಯದಲ್ಲಿ ನನ್ನ ಸಾಕ್ಷಿ ನಡೆಯುವುದಿಲ್ಲ.
ಎಲ್ಲ ಬಿಚ್ಚಿದ, ಎಲ್ಲ ಮತ್ತೆ ತಿರುಪಿದ.
ಕೆಂಪಿಗೆ ಕೆಂಪು. ಮತ್ತೆ ಪೊಳ್ಳು.

ಅವನು ಚಹಾ ಮಾಡಲು ಎದ್ದಾಗ
ರಿಮೋಟಿನಿಂದ ಒಂದು ಸೆಲ್ಲು ಕಿತ್ತೆ.
ಅಪ್ಪ ಅಥಣಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು,
ಅರ್ಧ ಕೇಳುವ ಮಗಳಿಗೆ
ಉಳಿದರ್ಧ ಕಣ್ಣಿಂದ ಕೇಳುವುದು ಕಲಿಸಿದ್ದರು.
ತಂತಿಗಳನ್ನು ಸೆಲ್ಲಿಗೆ ಮುಟ್ಟಿಸಿದೆ:
ಬಲಗಡೆಯ ಸ್ಪೀಕರಿನ ಕಾಗದದ ಹೊಟ್ಟೆ ಮುಂದಕ್ಕೆ ಉಬ್ಬಿತು.
ಎಡಗಡೆಯದು ಒಳಕ್ಕೆ ಎಳೆದುಕೊಂಡಿತು.
ಇನ್ನೊಮ್ಮೆ. ಅದು ಹೊರಗೆ, ಇದು ಒಳಗೆ.
ಒಂದು ಕೊಟ್ಟದ್ದನ್ನು ಇನ್ನೊಂದು ನುಂಗುತ್ತಿತ್ತು.

ನಾವು ಮುಟ್ಟದೆ ಬಿಟ್ಟ ತುದಿಯಲ್ಲೇ ಇತ್ತು ತಪ್ಪು,
ಸ್ಪೀಕರಿನ ಬೆನ್ನಿಗೆ, ಕಿಲುಬು ಹಿಡಿದ ತಾಮ್ರದಲ್ಲಿ.
ಆ ಮನೆಯಲ್ಲೇ ಯಾರೋ ಅದಲುಬದಲು ಕಟ್ಟಿದ್ದು.
ಎಷ್ಟು ವರ್ಷ ಆ ಇಬ್ಬರೂ ಒಂದೇ ಸೋಫಾದಲ್ಲಿ
ಏನೋ ಇಲ್ಲ, ಏನೋ ಇಲ್ಲ ಎಂದುಕೊಂಡು ಕೂತಿದ್ದರೋ.
ಎರಡು ತಿರುಪು. ಅಷ್ಟೇ ಕೆಲಸ.

ಕೊನೆಗೆ ಮೈಕು. ಕೇಳುವವರ ಕಿವಿ ಇರುವಲ್ಲಿ ಇಡಿ,
ಕೋಣೆ ನಿಶ್ಶಬ್ದವಾಗಿರಲಿ, ಅನ್ನುತ್ತದೆ ಕೈಪಿಡಿ.
ಅವನು ಸ್ವಲ್ಪ ಹೊತ್ತು ಯೋಚಿಸಿ
ನಾನು ಕೂರುವ ಜಾಗದಲ್ಲಿಟ್ಟ. ಆಮೇಲೆ
ನಾಲ್ಕು ಬೆರಳು ಬಲಕ್ಕೆ ಸರಿಸಿದ.
ಹೀಟರು ಆರಿಸಿ, ಫ್ರಿಜ್ಜಿನ ಪ್ಲಗ್ಗು ಕಿತ್ತು,
ಇಬ್ಬರೂ ನೆಲದ ಮೇಲೆ ಉಸಿರು ಬಿಗಿಹಿಡಿದು ಕೂತೆವು.
ಭುಸ್ ಎಂಬ ಸದ್ದೊಂದು ಸ್ಪೀಕರಿನಿಂದ ಸ್ಪೀಕರಿಗೆ
ಕೋಣೆಯ ಪ್ರದಕ್ಷಿಣೆ ಹೊರಟಿತು.
ನನಗೆ ಎಲ್ಲವೂ ಬಲದಿಂದಲೇ.
ಮಾತಾಡುವಂತಿಲ್ಲ. ಸದ್ದು ಎಡಕ್ಕೆ ಬಂದಾಗ
ನನ್ನ ಎಡ ಅಂಗೈ ಒತ್ತಿದ,
ಹಿಂದಕ್ಕೆ ಹೋದಾಗ ಬೆನ್ನಿಗೆ ಒಂದು ಬೆರಳು.
ಗುಡಾಣದ ಸರದಿಗೆ ಏನೂ ಬೇಕಾಗಲಿಲ್ಲ.
ಅದು ಅಂಗಾಲಿಗೇ ಬಂತು.

ಸಿನಿಮಾ ನೋಡುತ್ತಾ ಅಲ್ಲೇ ನಿದ್ದೆಹೋಗಿದ್ದೆವು.
ಬೆಳಿಗ್ಗೆ ಫ್ರಿಜ್ಜು ಹಾಗೇ ಬಾಯಿಮುಚ್ಚಿಕೊಂಡಿತ್ತು,
ಪ್ಲಗ್ಗು ನೆಲದಲ್ಲಿ.
ಹಾಲು ಕೆಟ್ಟಿರಲಿಲ್ಲ.
ಬಲ್ಲಾರಟ್ಟಿನ ಚಳಿಯೇ ಕಾಪಾಡಿತ್ತು.